ಹೆಜ್ಜೆಯ ಲೆಕ್ಕ, ಬಿಸಿಲಿನ ಲೆಕ್ಕ

ಈ ತಿಂಗಳ ಪ್ರಸ್ತಾಪಕ್ಕೆ ವಿಷಯವನ್ನೊದಗಿಸಿದುದು ನಮ್ಮ ಎಡಗೈಯ ಮಣಿಕಟ್ಟಿನ ಮೇಲೆ ಕುಳಿತಿರುವ ಒಂದು ಸಣ್ಣ ಯಂತ್ರವು. ನೋಡುವುದಕ್ಕೆ ಅದು ಕೈಗಡಿಯಾರವೇ ಸರಿ. ಆದರೆ ಗಂಟೆಯನ್ನು ತಿಳಿಸುವುದು ಅದಕ್ಕೆ ಗೌಣವಾದ ಕಾರ್ಯ. ದಿನಕ್ಕೆ ಎಷ್ಟು ಹೆಜ್ಜೆ ನಡೆದೆವು, ಎಷ್ಟು ದೂರ ಹೋದೆವು, ನಾಡಿಯು ನಿಮಿಷಕ್ಕೆ ಎಷ್ಟು ಸಲ ಮಿಡಿಯಿತು, ರಾತ್ರಿ ಎಷ್ಟು ಹೊತ್ತು ನಿದ್ರಿಸಿದೆವು ಎಂಬುದೆಲ್ಲವನ್ನೂ ಅದು ಚಿತ್ರಗುಪ್ತನಂತೆ ಬರೆದಿಡುವುದು. ೨೦೨೫ನೆಯ ಇಸವಿಯ ಆರಂಭದಲ್ಲಿ ಆಸ್ಟ್ರೇಲಿಯಾ ದೇಶದ ಮೆಲ್ಬರ್ನ್ ನಗರದಲ್ಲಿರುವ ನಮ್ಮ ಮಗಳ ಮನೆಗೆ ಹೋಗಿದ್ದಾಗ ಅಳಿಯಂದಿರು ಇದನ್ನು ನಮ್ಮ ಕೈಗೆ ಕಟ್ಟಿ, “ಮಾವ, ದಿನಕ್ಕೆ ಹತ್ತು ಸಾವಿರ ಹೆಜ್ಜೆ ತಪ್ಪಬಾರದು” ಎಂದು ವ್ರತೋಪದೇಶವನ್ನು ಮಾಡಿದರು. ನಾವೂ ಶ್ರದ್ಧೆಯಿಂದ ವ್ರತವನ್ನು ಕೈಕೊಂಡೆವು. ಅದರ ಫಲವಾಗಿ ನಮ್ಮ ಕಿವಿಯೂ ಕುತ್ತಿಗೆಯೂ ಸುಟ್ಟುಹೋದ ಕಥೆಯನ್ನು, ಅದರಿಂದ ನಾವು ಕಲಿತ ಪಾಠದೊಡನೆ, ವಾಚಕರಿಗೆ ನಿವೇದಿಸುವೆವು.

ಜನವರಿಯೆಂದರೆ ಆ ದೇಶದಲ್ಲಿ ನಡುಬೇಸಗೆ. ಆದರೂ ಆ ದಿನ ದಕ್ಷಿಣ ಸಮುದ್ರದಿಂದ ತಣ್ಣನೆಯ ಗಾಳಿ ಬೀಸುತ್ತಿದ್ದಿತು. ಆಕಾಶದಲ್ಲಿ ತೆಳುವಾದ ಮೋಡವಿದ್ದಿತು. ಹನ್ನೊಂದು ಗಂಟೆಗೆ ನಾವು ಹೊರಡುವಾಗ ಮಗಳು ಅಗಲವಾದ ಅಂಚಿನ ಟೋಪಿಯೊಂದನ್ನು ಹಿಡಿದು ಬಾಗಿಲಿಗೆ ಬಂದು, “ಅಪ್ಪಾ, ಇದನ್ನು ಹಾಕಿಕೊಂಡು ಹೋಗಿ” ಎಂದಳು. “ನಮ್ಮೂರಿನ ಬಿಸಿಲನ್ನು ಕಂಡವರಿಗೆ ಇದೂ ಒಂದು ಬಿಸಿಲೇನಮ್ಮ?” ಎಂದು ನಕ್ಕು, ಬರಿದಲೆಯಲ್ಲಿಯೇ ಹೊರಟೆವು. ಹೊಳೆಯ ದಂಡೆಯ ಕಾಲುದಾರಿಯಲ್ಲಿ ನಡೆದು ಮನೆಯ ಕಡೆಗೆ ತಿರುಗುವ ವೇಳೆಗೆ ಯಂತ್ರವು ಎಂಟು ಸಾವಿರದ ಚಿಲ್ಲರೆಯನ್ನು ತೋರಿಸುತ್ತಿದ್ದಿತು. ವ್ರತಭಂಗವಾಗಬಾರದಲ್ಲವೆ? ಬಯಲಿನಲ್ಲಿ ಇನ್ನೆರಡು ಸುತ್ತು ಬಂದೆವು. ಒಂದು ಗಂಟೆಯ ಸುಮಾರಿಗೆ ಮಣಿಕಟ್ಟು ಗುಂಯ್ ಎಂದಿತು. ಯಂತ್ರದ ಮುಖದ ಮೇಲೆ ಬಣ್ಣದ ಬಾಣಬಿರುಸು ಸಿಡಿದು ನಮ್ಮನ್ನು ಅಭಿನಂದಿಸಿತು. ಸಾಯಂಕಾಲದ ಹೊತ್ತಿಗೆ ಕಿವಿಯ ತುದಿಯೂ ಕುತ್ತಿಗೆಯ ಹಿಂಭಾಗವೂ ಉರಿಯತೊಡಗಿ, ನಾಲ್ಕನೆಯ ದಿನ ಸಿಪ್ಪೆ ಸುಲಿಯಿತು. ಯಂತ್ರವು ನಮ್ಮನ್ನು ಹೊಗಳಿದ ಗಳಿಗೆಯೂ ನಮ್ಮ ಚರ್ಮವು ಸುಟ್ಟ ಗಳಿಗೆಯೂ ಒಂದೇ ಆಗಿದ್ದುವೆಂಬುದನ್ನು ವಾಚಕರು ಗಮನಿಸಬೇಕು.

ಎದುರು ಮನೆಯಲ್ಲಿ ಎಪ್ಪತ್ತು ದಾಟಿದ ವೃದ್ಧರೊಬ್ಬರಿದ್ದರು. ನಲವತ್ತು ವರ್ಷಗಳ ಕಾಲ ಬೆಳಗು ಬೈಗೆನ್ನದೆ ಸೈಕಲ್ ಸವಾರಿ ಮಾಡಿದವರು. ಅವರ ಎಡಗಿವಿಯ ಮೇಲಂಚು ಇರಲಿಲ್ಲ. ಚರ್ಮದ ಕ್ಯಾನ್ಸರಿನ ಕಾರಣದಿಂದ ವೈದ್ಯರು ಅದನ್ನು ಕತ್ತರಿಸಿ ತೆಗೆದಿದ್ದರು. ನಮ್ಮ ಕುತ್ತಿಗೆಯನ್ನು ನೋಡಿ ಅವರು ಹೇಳಿದ ಮಾತಿನ ತಾತ್ಪರ್ಯವಿಷ್ಟು: “ನೀವು ಸೆಕೆಯನ್ನು ನೋಡಿ ಬಿಸಿಲನ್ನು ಅಳೆದಿರಿ. ನಾನೂ ಹಾಗೆಯೇ ಮಾಡಿದೆ. ನಾನು ಸವಾರಿ ಮಾಡಿದ ಮೈಲಿಗಳನ್ನೆಲ್ಲ ಪುಸ್ತಕದಲ್ಲಿ ಬರೆದಿಟ್ಟೆ. ಬಿಸಿಲಿನ ಲೆಕ್ಕವನ್ನು ಮಾತ್ರ ಬರೆಯಲಿಲ್ಲ. ಅದನ್ನು ನನ್ನ ಕಿವಿಯು ಬರೆದುಕೊಳ್ಳುತ್ತಿದ್ದಿತು.” ಅಂದಿನಿಂದ ಈ ಮಾತು ನಮ್ಮ ಮನಸ್ಸನ್ನು ಬಿಟ್ಟಿಲ್ಲ.

ಸೆಕೆಯೇ ಬೇರೆ, ಸುಡುವಿಕೆಯೇ ಬೇರೆ. ಸೂರ್ಯನ ಕಿರಣಗಳಲ್ಲಿ ಕಣ್ಣಿಗೆ ಕಾಣುವ ಬೆಳಕುಂಟು, ಮೈಗೆ ತಗಲುವ ಶಾಖವುಂಟು. ಇವೆರಡೂ ಅಲ್ಲದ ನೇರಳಾತೀತ ಕಿರಣಗಳೂ ಉಂಟು. ಈ ಮೂರನೆಯದು ಕಾಣುವುದೂ ಇಲ್ಲ, ಬಿಸಿಯಾಗಿ ತೋರುವುದೂ ಇಲ್ಲ. ತಂಗಾಳಿಯು ಮೈಯನ್ನು ತಣಿಸುವುದೇ ಹೊರತು ಈ ಕಿರಣಗಳನ್ನು ತಡೆಯಲಾರದು. ತೆಳುಮೋಡವು ಬಹುಪಾಲನ್ನು ಒಳಗೆ ಬಿಟ್ಟುಬಿಡುವುದು. ಚರ್ಮವನ್ನು ಸುಡುವುದೂ, ಕಾಲಾಂತರದಲ್ಲಿ ಸುಕ್ಕು, ಕಲೆ, ಕ್ಯಾನ್ಸರುಗಳಿಗೆ ಕಾರಣವಾಗುವುದೂ ಇವೇ. ಇವುಗಳ ಬಲವನ್ನು ಜನರಿಗೆ ಒಂದು ಅಂಕಿಯಿಂದ ತಿಳಿಸುವ ಪದ್ಧತಿಯನ್ನು ೧೯೯೨ರಲ್ಲಿ ಕೆನಡಾ ದೇಶವು ಆರಂಭಿಸಿತು. ಅನಂತರ ವಿಶ್ವ ಆರೋಗ್ಯ ಸಂಸ್ಥೆಯು ಅದನ್ನು ಲೋಕಕ್ಕೆಲ್ಲ ಒಂದೇ ಮಾನವಾಗಿ ಅಂಗೀಕರಿಸಿತು. ಇದಕ್ಕೆ ನೇರಳಾತೀತ ಸೂಚ್ಯಂಕವೆಂದು ಹೆಸರು. ಎರಡರವರೆಗೆ ಅಲ್ಪ, ಮೂರರಿಂದ ಐದು ಮಧ್ಯಮ, ಆರು ಏಳು ಅಧಿಕ, ಎಂಟರಿಂದ ಹತ್ತು ಅತ್ಯಧಿಕ, ಹನ್ನೊಂದು ಮತ್ತು ಅದರ ಮೇಲೆ ವಿಪರೀತ. ಮೂರು ಮುಟ್ಟಿದೊಡನೆಯೇ ಮೈಯನ್ನು ಕಾಪಾಡಿಕೊಳ್ಳಬೇಕೆಂಬುದು ನಿಯಮ. ಮೆಲ್ಬರ್ನಿನ ಬೇಸಗೆಯ ನಡುಹಗಲಿನಲ್ಲಿ ಅದು ಹನ್ನೊಂದನ್ನು ಮುಟ್ಟುವುದು ಸಾಮಾನ್ಯ. ಅಲ್ಲದೆ ಅಲ್ಲಿ ಬೇಸಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಳ್ಳುವುದರಿಂದ, ಜನವರಿಯಲ್ಲಿ ಸೂರ್ಯನು ನೆತ್ತಿಗೇರುವುದು ಗಡಿಯಾರದ ಒಂದೂವರೆ ಗಂಟೆಯ ಸುಮಾರಿಗೆ. ನಾವು ‘ಇನ್ನೆರಡು ಸುತ್ತು’ ಬಂದುದು ಇಂಥ ವೇಳೆಯಲ್ಲಿ.

ಆ ದೇಶದವರಿಗೆ ಇದು ಪ್ರಾಣದ ಪ್ರಶ್ನೆ. ಅಲ್ಲಿಯ ಜನರಲ್ಲಿ ಬಿಳಿಯ ಚರ್ಮದವರೇ ಬಹಳ; ಮೂವರಲ್ಲಿ ಇಬ್ಬರಿಗೆ ಎಪ್ಪತ್ತು ವರ್ಷದೊಳಗೆ ಯಾವುದಾದರೊಂದು ಬಗೆಯ ಚರ್ಮದ ಕ್ಯಾನ್ಸರು ಕಾಣಿಸಿಕೊಳ್ಳುವುದೆಂದು ಅಲ್ಲಿಯ ಕ್ಯಾನ್ಸರ್ ಮಂಡಲಿಯು ಹೇಳುವುದು. ಆದುದರಿಂದಲೇ ೧೯೮೧ರಲ್ಲಿ ‘ಸ್ಲಿಪ್, ಸ್ಲಾಪ್, ಸ್ಲ್ಯಾಪ್’ ಎಂಬ ಪ್ರಚಾರಕಾರ್ಯವು ಹುಟ್ಟಿತು: ಅಂಗಿಯನ್ನು ತೊಡಬೇಕು, ಸನ್‌ಸ್ಕ್ರೀನ್ ಲೇಪವನ್ನು ಹಚ್ಚಬೇಕು, ಟೋಪಿಯನ್ನು ಧರಿಸಬೇಕು. ೨೦೦೭ರಲ್ಲಿ ನೆರಳನ್ನು ಹುಡುಕುವುದು, ಕಪ್ಪು ಕನ್ನಡಕವನ್ನು ಹಾಕುವುದು ಎಂಬೆರಡನ್ನು ಸೇರಿಸಿದರು. ಲೇಪವು ಬರಿಯ ಸೊಗಸಿನ ಸಾಮಗ್ರಿಯಲ್ಲವೆಂಬುದಕ್ಕೂ ಪ್ರಮಾಣವಿದೆ. ಕ್ವೀನ್ಸ್‌ಲೆಂಡ್ ಪ್ರಾಂತದ ನ್ಯಾಂಬರ್ ಎಂಬ ಊರಿನಲ್ಲಿ ೧೯೯೨ರಿಂದ ೧೯೯೬ರವರೆಗೆ ೧,೬೨೧ ಜನರನ್ನು ಎರಡು ಪಂಗಡ ಮಾಡಿ, ಒಂದು ಪಂಗಡದವರು ದಿನವೂ ತಪ್ಪದೆ ಲೇಪವನ್ನು ಹಚ್ಚುವಂತೆಯೂ ಇನ್ನೊಂದು ಪಂಗಡದವರು ತಮ್ಮ ಇಷ್ಟದಂತೆ ನಡೆಯುವಂತೆಯೂ ಏರ್ಪಡಿಸಿದರು. ಮುಂದೆ ೨೦೦೬ರವರೆಗೆ ಅವರನ್ನು ಗಮನಿಸಿದಾಗ, ಕ್ಯಾನ್ಸರುಗಳಲ್ಲಿ ಘೋರವಾದ ಮೆಲನೋಮವು ಮೊದಲನೆಯ ಪಂಗಡದಲ್ಲಿ ಹನ್ನೊಂದು ಮಂದಿಗೂ ಎರಡನೆಯದರಲ್ಲಿ ಇಪ್ಪತ್ತೆರಡು ಮಂದಿಗೂ ಬಂದಿದ್ದಿತು.

ವ್ಯಾಯಾಮ ಮಾಡುವವರಿಗೆ ಅಪಾಯವು ಇನ್ನೂ ಹೆಚ್ಚು. ಅವರು ಹೊರಗೆ ಕಳೆಯುವ ಹೊತ್ತು ದೀರ್ಘ. ತೊಡುವ ಬಟ್ಟೆ ಅಲ್ಪ. ಹಚ್ಚಿದ ಲೇಪವನ್ನು ಬೆವರು ತೊಳೆದುಹಾಕುವುದು. ಬೆವರಿನಿಂದ ತೊಯ್ದ ಚರ್ಮವು ಒಣಚರ್ಮಕ್ಕಿಂತ ಬೇಗ ಸುಡುವುದು. ಆಸ್ಟ್ರಿಯಾ ದೇಶದ ಗ್ರಾಟ್ಸ್ ನಗರದ ವೈದ್ಯರು ೨೧೦ ಮಂದಿ ಮ್ಯಾರಥಾನ್ ಓಟಗಾರರನ್ನು ಅಷ್ಟೇ ಮಂದಿ ಇತರರೊಡನೆ ಹೋಲಿಸಿ ೨೦೦೬ರಲ್ಲಿ ವರದಿಯನ್ನು ಪ್ರಕಟಿಸಿದರು. ಓಟಗಾರರ ಮೈಮೇಲೆ ಶಂಕಾಸ್ಪದವಾದ ಮಚ್ಚೆಗಳು ಹೆಚ್ಚಾಗಿದ್ದುವು. ಲೇಪವನ್ನು ಕ್ರಮವಾಗಿ ಬಳಸುತ್ತಿದ್ದವರೋ ಅರ್ಧಕ್ಕಿಂತ ಸ್ವಲ್ಪ ಮಾತ್ರ ಹೆಚ್ಚು. ಇವರು ದೇಹವನ್ನು ಅಲಕ್ಷ್ಯ ಮಾಡುವವರಲ್ಲ, ಆರೋಗ್ಯಕ್ಕಾಗಿಯೇ ಓಡುವವರು. ಹಾಗಿದ್ದೂ ಹೀಗೇಕೆ?

ನಮಗೆ ತೋರುವ ಉತ್ತರವಿದು: ಮನುಷ್ಯನು ಎಣಿಸಿದುದನ್ನು ಮಾಡುವನು, ಎಣಿಸದುದನ್ನು ಮರೆಯುವನು. ೧೯೬೪ರಲ್ಲಿ ಟೋಕಿಯೋ ನಗರದಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆದ ಮರುವರ್ಷವೇ ಜಪಾನಿನ ವ್ಯಾಪಾರಿಗಳು ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆಯೆಣಿಕೆಯ ಯಂತ್ರವೊಂದನ್ನು ಮಾರಾಟಕ್ಕೆ ತಂದು, ಅದಕ್ಕೆ ‘ಮಾನ್‌ಪೋಕೇಯ್’, ಎಂದರೆ ‘ಹತ್ತು ಸಾವಿರ ಹೆಜ್ಜೆಯ ಮಾಪಕ’ ಎಂದು ಹೆಸರಿಟ್ಟರು. ಆ ಹತ್ತು ಸಾವಿರವು ಹುಟ್ಟಿದುದು ವೈದ್ಯಶಾಸ್ತ್ರದ ಗಣಿತದಿಂದಲ್ಲ, ಈ ಹೆಸರಿನಿಂದ. ಆದರೂ ಅಂಕಿಯ ಮಹಿಮೆಯನ್ನು ಅಲ್ಲಗಳೆಯುವಂತಿಲ್ಲ. ೨೦೦೭ರಲ್ಲಿ ಅಮೆರಿಕದ ವೈದ್ಯರು ಇಪ್ಪತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದಾಗ, ಅವುಗಳಲ್ಲಿ ಅತ್ಯಂತ ಕಟ್ಟುನಿಟ್ಟಾದ ಪರೀಕ್ಷೆಗಳ ಪ್ರಕಾರ, ಇಂಥ ಯಂತ್ರವನ್ನು ಧರಿಸಿದವರು ಧರಿಸದವರಿಗಿಂತ ದಿನಕ್ಕೆ ಸುಮಾರು ೨,೫೦೦ ಹೆಜ್ಜೆಗಳನ್ನು ಹೆಚ್ಚಾಗಿ ನಡೆದರೆಂದು ತಿಳಿದುಬಂದಿತು. ಇಷ್ಟೆಂಬ ಗುರಿಯಿದ್ದವರಲ್ಲಿಯೇ ಈ ಏರಿಕೆಯು ಕಂಡಿತು. ಇಂಥ ಬಲವುಳ್ಳ ಸೇವಕನು ಹೆಜ್ಜೆಯೊಂದನ್ನೇ ಎಣಿಸಿ ಬಿಸಿಲನ್ನು ಬಿಟ್ಟರೆ, ನಮ್ಮನ್ನು ನಡುಹಗಲಿಗೆ ಎಳೆದೊಯ್ಯುವವನೂ ಅವನೇ ಆಗುವನು. ಅದೇ ಬಲವನ್ನು ಬಿಸಿಲಿನ ಕಡೆಗೂ ತಿರುಗಿಸಬೇಕೆಂಬುದೇ ನಮ್ಮ ವಾದ.

ಯಂತ್ರನಿರ್ಮಾಪಕರಿಗೆ ಈ ಯೋಚನೆ ಹೊಳೆಯದೆ ಇಲ್ಲ. ೨೦೧೪ರಲ್ಲಿ ಬಂದ ಮೈಕ್ರೋಸಾಫ್ಟ್ ಸಂಸ್ಥೆಯ ಕೈಪಟ್ಟಿಯಲ್ಲಿ ನೇರಳಾತೀತ ಕಿರಣಗಳನ್ನು ಅಳೆಯುವ ಸಾಧನವಿದ್ದಿತು. ಅದರ ಮಾರಾಟ ೨೦೧೬ರಲ್ಲಿ ನಿಂತಿತು. ಅದೇ ವರ್ಷ, ಬಿಸಿಲಿಗೆ ಬಣ್ಣ ಬದಲಾಯಿಸುವ, ಚರ್ಮಕ್ಕೆ ಅಂಟಿಸುವ ತೆಳುಪಟ್ಟಿಯನ್ನು ಲೋರಿಯಲ್ ಸಂಸ್ಥೆಯು ತೋರಿಸಿತು. ಆದರೆ ಮಣಿಕಟ್ಟು ಅಂಗಿಯ ತೋಳಿನ ಮರೆಯಲ್ಲಿರುವುದು, ನಡೆಯುವಾಗ ಅತ್ತಿತ್ತ ತೂಗಾಡುವುದು. ಸುಡುವುದು ಮೂಗು, ಕಿವಿ, ಕುತ್ತಿಗೆ. ಆದುದರಿಂದ ಅಪೂರ್ವವಾದ ಯಂತ್ರಕ್ಕಾಗಿ ಕಾಯದೆ, ಇರುವ ಯಂತ್ರದಿಂದಲೇ ಕೆಲಸ ತೆಗೆದುಕೊಳ್ಳುವುದು ಮೇಲು. ಹೊರಟ ಗಂಟೆ, ಮರಳಿದ ಗಂಟೆ, ಹೋದ ದಾರಿ ಇವು ಅದರಲ್ಲಿ ಹೇಗೂ ದಾಖಲಾಗಿರುವುವು. ಆ ದಿನದ ಸೂಚ್ಯಂಕವನ್ನು ಫೋನಿನ ಹವಾಮಾನದ ಪುಟವೇ ಹೇಳುವುದು. ವಿಶ್ವ ಆರೋಗ್ಯ ಸಂಸ್ಥೆ ಮೊದಲಾದುವು ೨೦೨೨ರಲ್ಲಿ ಇದಕ್ಕಾಗಿಯೇ ‘ಸನ್‌ಸ್ಮಾರ್ಟ್ ಗ್ಲೋಬಲ್ ಯುವಿ’ ಎಂಬ ಆ್ಯಪನ್ನೂ ಹೊರತಂದುವು. ಇವೆರಡನ್ನು ಹೊಂದಿಸಿ ನೋಡುವ ಬುದ್ಧಿ ನಮ್ಮದಾಗಬೇಕು.

ನಾವು ಮಾಡಿದುದು ಇಷ್ಟೆ. ಮೊದಲು, ಒಂದು ತಿಂಗಳ ದಾಖಲೆಯನ್ನು ತೆಗೆದು ನೋಡಿದೆವು. ಇಪ್ಪತ್ತಾರು ನಡಿಗೆಗಳಲ್ಲಿ ಹದಿನೇಳು, ಸೂಚ್ಯಂಕವು ಮೂರನ್ನು ದಾಟಿದ ಹೊತ್ತಿನಲ್ಲಿ ನಡೆದಿದ್ದುವು! ನಾವು ಬೆಳಗಿನ ನಡಿಗೆಯವರೆಂದು ನಂಬಿದ್ದ ನಮಗೆ ನಾಚಿಕೆಯಾಯಿತು. ಎರಡನೆಯದಾಗಿ, ಸೂಚ್ಯಂಕವು ಮೂರಕ್ಕೆ ಮುಟ್ಟುವ ವೇಳೆಗೆ ಕೈಯ ಯಂತ್ರವು ಎಚ್ಚರಿಸುವಂತೆ ಅಲಾರಂ ಇಟ್ಟೆವು. ಇಷ್ಟರಿಂದಲೂ ಟೋಪಿಯು ಮರೆತುಹೋಗುತ್ತಿದ್ದಿತು. ಆಗ ಎಂಟು ವರ್ಷದ ಮೊಮ್ಮಗನು ನ್ಯಾಯಾಧೀಶನಾದನು. ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ತಾತನ ನಡಿಗೆಗೆ ಒಂದು ನಕ್ಷತ್ರ. ಆದರೆ ಬಿಸಿಲಿನಲ್ಲಿ ಟೋಪಿಯಿಲ್ಲದೆ ನಡೆದರೆ ಹನ್ನೆರಡು ಸಾವಿರ ಹೆಜ್ಜೆಯಾದರೂ ನಕ್ಷತ್ರವಿಲ್ಲ. ಸಂಕಲ್ಪವಿಲ್ಲದೆ ಮಾಡಿದ ಕರ್ಮದಂತೆ, ಆ ಹೆಜ್ಜೆಗಳು ನಿಷ್ಫಲ! ಎರಡು ನಕ್ಷತ್ರಗಳನ್ನು ಕಳೆದುಕೊಂಡ ಮೇಲೆ ನಾವು ಟೋಪಿಯನ್ನು ಮರೆಯಲಿಲ್ಲ. ಗುಂಪಾಗಿ ಓಡುವವರೂ ತಮ್ಮ ಪಟ್ಟಿಯಲ್ಲಿ ದೂರ, ವೇಗಗಳ ಪಕ್ಕದಲ್ಲಿ ಹೀಗೆಯೇ ಒಂದು ಮನೆಯನ್ನು ಬಿಡಬಹುದು. ಲೇಪವನ್ನು ಬಳಸುವವರು ಮುಖ, ಕಿವಿ, ಕುತ್ತಿಗೆಗಳಿಗೆ ಒಂದು ಟೀ ಚಮಚದಷ್ಟು, ಒಂದೊಂದು ಕೈಗೂ ಅಷ್ಟಷ್ಟು ಹಚ್ಚಬೇಕು. ಹೊರಡುವುದಕ್ಕೆ ಇಪ್ಪತ್ತು ನಿಮಿಷ ಮೊದಲು ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಅದನ್ನು ನೆನಪಿಸುವುದಕ್ಕೂ ಕೈಯ ಯಂತ್ರವು ಸಾಕು.

ಯಂತ್ರವಿಲ್ಲದವರು ಚಿಂತಿಸಬೇಕಾದುದಿಲ್ಲ. ನಮ್ಮ ಜ್ಯೋತಿಷಿಗಳು ಹನ್ನೆರಡು ಅಂಗುಲದ ಶಂಕುವನ್ನು ನೆಟ್ಟು ನೆರಳನ್ನು ಅಳೆಯುತ್ತಿದ್ದರು. ನೆರಳೂ ಹನ್ನೆರಡು ಅಂಗುಲವಾದರೆ ಸೂರ್ಯನು ದಿಗಂತದಿಂದ ನಲವತ್ತೈದು ಅಂಶ ಏರಿರುವನು. ನಿಂತ ಮನುಷ್ಯನೂ ಒಂದು ಶಂಕುವೇ. ನಮ್ಮ ನೆರಳು ನಮಗಿಂತ ಗಿಡ್ಡವಾದರೆ ಬಿಸಿಲು ಪ್ರಬಲವಾಯಿತೆಂದು ತಿಳಿಯಬೇಕು. ಒಬ್ಬನ ಎತ್ತರವು ಅವನ ಪಾದದ ಸುಮಾರು ಆರೂವರೆಯಷ್ಟು; ನೆರಳಿನ ತುದಿಯನ್ನು ಗುರುತಿಸಿ, ಹೆಜ್ಜೆಗೆ ಹೆಜ್ಜೆ ತಗುಲಿಸಿ ಅಳೆದರೆ ಲೆಕ್ಕವು ಮುಗಿಯಿತು. ಸೂಚ್ಯಂಕವು ಮೂರಕ್ಕೆ ಬರುವುದು ಇದಕ್ಕೂ ಸ್ವಲ್ಪ ಮೊದಲೇ. ಮೆಲ್ಬರ್ನಿನಲ್ಲಿ ಜೂನ್ ತಿಂಗಳ ನಡುಹಗಲಿನಲ್ಲಿಯೂ ನೆರಳು ಆಳಿನ ಎರಡು ಪಾಲಿನ ಹತ್ತಿರವಿರುವುದು. ನಮ್ಮ ಮೈಸೂರಿನಲ್ಲಾದರೋ ವರ್ಷದ ಅತಿ ಚಿಕ್ಕ ದಿನದ ನಡುಹಗಲಿನಲ್ಲಿಯೂ ಅದು ಆಳಿನ ಮುಕ್ಕಾಲನ್ನು ಮೀರದು. ಎಂದರೆ ನಮ್ಮಲ್ಲಿ ಬಿಸಿಲಿಗೆ ರಜೆಯ ತಿಂಗಳಿಲ್ಲ, ರಜೆಯ ಗಂಟೆಗಳು ಮಾತ್ರ ಉಂಟು: ಬೆಳಗ್ಗೆ ಎಂಟರೊಳಗೆ, ಸಾಯಂಕಾಲ ನಾಲ್ಕೂವರೆಯ ಮೇಲೆ.

ಇಷ್ಟು ಹೇಳಿದುದರಿಂದ ಆಸ್ಟ್ರೇಲಿಯಾದವರ ಭಯವನ್ನು ಇಡಿಯಾಗಿ ಆಮದು ಮಾಡಿಕೊಳ್ಳಿರೆಂದು ನಮ್ಮ ಅಭಿಪ್ರಾಯವಲ್ಲ. ನಮ್ಮ ಚರ್ಮದಲ್ಲಿರುವ ಮೆಲನಿನ್ ಎಂಬ ವರ್ಣದ್ರವ್ಯವು ಸಹಜವಾದ ಕೊಡೆ. ಚರ್ಮದ ಕ್ಯಾನ್ಸರು ನಮ್ಮವರಲ್ಲಿ ಬಹಳ ವಿರಳ. ಡಿ ಜೀವಸತ್ವಕ್ಕೆ ಬಿಸಿಲು ಬೇಕು. ಮಕ್ಕಳ ದೃಷ್ಟಿಗೂ ಹೊರಗಿನ ಬೆಳಕು ಹಿತ. ಆದರೆ ಆ ಕೊಡೆಯು ಕಣ್ಣಿನ ಮೇಲಿಲ್ಲ. ಪೊರೆ ಬರುವುದಕ್ಕೆ ಈ ಕಿರಣಗಳೂ ಒಂದು ಕಾರಣ. ಮುಖದ ಬಂಗು ಬಿಸಿಲಿನಿಂದ ಹೆಚ್ಚುವುದನ್ನು ಹೆಂಗಸರು ಚೆನ್ನಾಗಿ ಬಲ್ಲರು. ನಮ್ಮ ಕುತ್ತಿಗೆಯು ಸುಟ್ಟುದಂತೂ ಸುಳ್ಳಲ್ಲ. ಬೇಕಾದುದು ಹೆದರಿಕೆಯಲ್ಲ, ಮಿತಿ. ವಾಗ್ಭಟನು ತನ್ನ ಅಷ್ಟಾಂಗಹೃದಯದಲ್ಲಿ, ಬಲವಿದ್ದವರೂ ಅರ್ಧಶಕ್ತಿಯವರೆಗೆ ಮಾತ್ರ ವ್ಯಾಯಾಮ ಮಾಡಬೇಕೆಂದೂ, ಹೊರಗೆ ಸಂಚರಿಸುವಾಗ ಕೊಡೆಯನ್ನೂ ಪಾದರಕ್ಷೆಯನ್ನೂ ಬಿಡಬಾರದೆಂದೂ ಒಂದೇ ಅಧ್ಯಾಯದಲ್ಲಿ ವಿಧಿಸಿರುವನು. ಆತನು ವ್ಯಾಯಾಮವನ್ನೂ ಕೊಡೆಯನ್ನೂ ಅಗಲಿಸಲಿಲ್ಲ. ನಮ್ಮ ಯಂತ್ರವು ಅಗಲಿಸಿತು.

ಈಗ ನಾವು ಮೈಸೂರಿಗೆ ಮರಳಿ, ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುವೆವು. ಎಂಟು ಗಂಟೆಗೆ ಮಣಿಕಟ್ಟು ಗುಂಯ್ ಎನ್ನುವುದು. ಕೆಲವು ದಿನ ಲೆಕ್ಕಕ್ಕೆ ಸಾವಿರ, ಒಂದೂವರೆ ಸಾವಿರ ಹೆಜ್ಜೆಗಳು ಕಡಮೆಯಾಗಿರುವುವು. ಆದರೂ ಮನೆಯ ಕಡೆಗೆ ತಿರುಗುವೆವು. ಉಳಿದ ಬಾಕಿಯನ್ನು ಸಂಜೆ ತೀರಿಸಬಹುದು. ಹೆಜ್ಜೆಯ ಸಾಲಕ್ಕೆ ಸಂಜೆಯ ವಾಯಿದೆಯುಂಟು. ಚರ್ಮವು ಬರೆದುಕೊಂಡ ಸಾಲಕ್ಕೆ ಅಂಥ ವಾಯಿದೆಯಿಲ್ಲ. ಎದುರು ಮನೆಯ ಹಿರಿಯರ ಕಿವಿಯನ್ನು ನೆನೆದಾಗಲೆಲ್ಲ ನಮಗೆ ಇದು ಮತ್ತೆ ಮತ್ತೆ ದೃಢವಾಗುತ್ತಿರುವುದು. ಇತ್ಯಲಂ.