ಮನೇಲಿರೋದು ಬೇರೆ, ಮನೇಲಿ ಕಲಿಯೋದು ಬೇರೆ

ಮೊನ್ನೆ ವಿರೂಪಾಕ್ಷಿಪುರದಲ್ಲೇ ಒಂದು ನಾಮಕರಣಕ್ಕೆ ಹೋಗಿದ್ದೆ. ಊಟಕ್ಕೆ ಕೂತಿದ್ದಾಗ ನೆಂಟರೊಬ್ಬರು ಅಂದ್ರು, "ಮಗಳನ್ನ ಏಳನೇ ಕ್ಲಾಸಿಗೇ ಬಿಡಿಸ್ಬುಟ್ಟೊ ಕಣಕ್ಕ. ಇಸ್ಕೂಲು ದೂರ. ಮನೇಲೇ ಹೇಳ್ಕೊಡ್ತೀವಿ. ನಿಮ್ಮ ಮೊಮ್ಮಗನಿಗೂ ಹಂಗೇ ಮಾಡಿದ್ರಲ್ಲ." ಕೈಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ. ನಾಲ್ಕು ಜನದ ಮುಂದೆ ಸುಮ್ಮನಾದೆ. ಈಗ ಹೇಳ್ತೀನಿ, ಬೇಜಾರಾದ್ರೆ ಆಗ್ಲಿ. ನಮ್ಮ ಮನೆ ಹೆಸರು ಹೇಳ್ಕೊಂಡು ಆ ಹುಡುಗಿ ಓದು ನಿಲ್ಲಿಸ್ಬೇಡಿ.

ನಾವು ಮಾಡಿದ್ದೇನು ಅಂತ ಪೂರ್ತಿ ಕೇಳಿ. 2020ರ ಮಾರ್ಚ್‌ನಲ್ಲಿ ಕೊರೋನಾ ಬಂದು ಇಸ್ಕೂಲು ಮುಚ್ಚಿದ್ವು. ಮೊಮ್ಮಗ ಆಗ ಮೂರನೇ ಕ್ಲಾಸು. ಒತ್ತಕ್ಷರ ಕಂಡ್ರೆ ತಡವರಿಸೋನು, ಬೈಸ್ಕೊಂಡು ಬೈಸ್ಕೊಂಡು ಪುಸ್ತಕ ಅಂದ್ರೇನೇ ಹೆದರೋನು. ಸೊಸೆ ನಿಧಾನಕ್ಕೆ ಓದಿಸ್ತಾ ಹೋದಂಗೆ ಹೆದರಿಕೆ ಬಿಡ್ತು. ಅದಕ್ಕೇ ಇಸ್ಕೂಲು ತೆರೆದ ಮೇಲೂ ಇನ್ನೊಂದು ವರ್ಷ ಮನೇಲೇ ಇಟ್ಕೊಂಡು, ಆಮೇಲೆ ಸೇರಿಸಿದ್ವಿ.

ಮೊದಲ ಆರು ತಿಂಗಳು ಎಲ್ಲಾ ಆ ಹುಡುಗಿ ತಲೆ ಮೇಲೇ. ಐದಕ್ಕೆ ಎದ್ದು ಹಾಲು ಕರೆಯೋದು, ತಿಂಡಿ, ಪಾತ್ರೆ, ಹುಳಕ್ಕೆ ಸೊಪ್ಪು, ಮಧ್ಯ ಮಧ್ಯ ಪಾಠ. "ಮನೇಲೇ ಇರ್ತಾಳಲ್ಲ, ಹೇಳ್ಕೊಡ್ಲಿ ಬಿಡು" ಅಂದೋಳು ನಾನೇ. ತಪ್ಪು ನಂದೇ. ಒಂದು ರಾತ್ರಿ ಮಗು ಪುಸ್ತಕದ ಮುಂದೆ ಅವಳು ಕೂತ ಹಂಗೇ ನಿದ್ದೆ ಹೋಗಿದ್ಳು, ಒಲೆ ಮೇಲೆ ಹಾಲು ಸೀದೋಗಿತ್ತು. ಮನೇಲಿರೋ ಹೆಂಗಸು ಅಂದ್ರೆ ಬಿಡುವಾಗಿರೋ ಹೆಂಗಸು ಅಲ್ಲ ಅಂತ, ನಾನೂ ಹೆಂಗಸಾಗಿ ಅವತ್ತು ಕಲಿತೆ.

ಮಾರನೇ ದಿನದಿಂದ ಕೆಲಸ ಹಂಚಿದ್ವಿ. ಒಂಬತ್ತರಿಂದ ಹನ್ನೊಂದೂವರೆ ತನಕ ಸೊಸೆ ಅಡುಗೆಮನೆಗೆ ಕಾಲಿಡಂಗಿಲ್ಲ, ಅದು ನನ್ನ ಪಾಲು. ಮಧ್ಯಾಹ್ನ ಕನ್ನಡ ಓದಿಸೋದೂ ನಾನೇ. ಲೆಕ್ಕ ಅವರ ತಾತಂದು. ಮಗ ಕೆಲಸದಿಂದ ಬಂದು ರಾತ್ರಿ ಅರ್ಧ ಗಂಟೆ ಇಂಗ್ಲಿಷು, ಸುಸ್ತು ಅನ್ನಂಗಿಲ್ಲ. ಪಿಯುಸಿ ಓದಿದೋಳು ನಾನು, ಭಿನ್ನರಾಶಿ ಮರ್ತೇ ಹೋಗಿತ್ತು. ಹುಡುಗನ ಜೊತೆ ಕೂತು ಮತ್ತೆ ಕಲಿತೆ. ಇಷ್ಟು ಜನ ಹೆಗಲು ಕೊಟ್ಟಿದ್ದಕ್ಕೆ ಒಂದು ಮಗು ಕಲೀತು.

ಪಾಠಕ್ಕೆ ನಮ್ಮ ರೇಷ್ಮೆ ಹುಳಾನೂ ಆಯ್ತು. ಮೊಟ್ಟೆ ಒಡೆದ ದಿನದಿಂದ ಗೂಡು ಕಟ್ಟೋ ತನಕ ದಿನಾ ಬರೆದಿಟ್ಟ. ನಾಲ್ಕು ಜ್ವರ ಯಾವತ್ತು ಯಾವತ್ತು ಬಂತು, ಪ್ರತಿ ಜ್ವರದಲ್ಲೂ ಹುಳ ಹೆಂಗೆ ಹಳೇ ಚರ್ಮ ಬಿಡ್ತು, ನಾಲ್ಕನೇದು ಎದ್ದ ಮೇಲೆ ಸೊಪ್ಪು ಎಷ್ಟು ತಿಂತು ಅಂತ. 62 ಕೆ.ಜಿ. ಗೂಡು ಬಂದು, ರಾಮನಗರ ಮಾರ್ಕೆಟ್ಟಲ್ಲಿ ಕೆ.ಜಿ.ಗೆ 450 ರೂಪಾಯಿ ಸಿಕ್ಕಿದ್ರೆ ಒಟ್ಟು ಎಷ್ಟು? ತಾತ ಬಾಯಲ್ಲಿ ಕೇಳೋರು, ಅವನು ಪೆನ್ಸಿಲ್ ಹಿಡಿದು 27,900 ಅನ್ನೋನು.

ಈಗ ನಿಮ್ಮ ಮನೇಲಿ ನೋಡಿ. ಅಲ್ಲೂ ಹುಳ ಐತೆ. ನಾಲ್ಕನೇ ಜ್ವರ ಎದ್ದ ಮೇಲೆ ಹುಳಕ್ಕೆ ಹೊತ್ತು ಗೊತ್ತಿಲ್ಲ, ಎಷ್ಟು ಸೊಪ್ಪು ಹಾಕಿದ್ರೂ ಸಾಲಲ್ಲ. ಆ ಹುಡುಗಿ ಸೊಪ್ಪು ಕೊಯ್ತಾಳೆ, ಹೊರ್ತಾಳೆ, ಹಿಕ್ಕೆ ತೆಗೀತಾಳೆ, ಹಣ್ಣಾದ ಹುಳ ಆರಿಸಿ ಚಂದ್ರಿಕೆಗೆ ಬಿಡ್ತಾಳೆ. ಸಂಜೆಗೆ ತಮ್ಮನ್ನೂ ನೋಡ್ಕೊಬೇಕು. ಪುಸ್ತಕ ಯಾವಾಗ ತೆಗೀತಾಳೆ? ಕೇಳಿದ್ರೆ ಹೇಳ್ಕೊಡೋರು ಯಾರು? ಇಬ್ಬರ ಮನೇಲೂ ಅದೇ ಹುಳ. ನನ್ನ ಮೊಮ್ಮಗನಿಗೆ ಅದು ಪಾಠ ಆಯ್ತು, ನಿಮ್ಮ ಮಗಳಿಗೆ ದುಡಿಮೆ ಆಯ್ತು. ಇದಕ್ಕೂ ಮನೆಪಾಠಕ್ಕೂ ಒಂದೇ ಹೆಸರು ಇಡ್ತೀರಾ?

ದೂರ ಅಂತೀರಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಾವೆಲ್ಲಾ ಆಧಾರ್ ತೋರಿಸ್ಕೊಂಡು ಧರ್ಮಸ್ಥಳಕ್ಕೂ ಹೋಗಿ ಬಂದ್ವಿ, ಮಾದಪ್ಪನ ಬೆಟ್ಟಕ್ಕೂ ಹೋಗಿ ಬಂದ್ವಿ. ಅಷ್ಟು ದೂರ ದೂರ ಅನ್ನಿಸಲಿಲ್ಲ, ಆ ಮಗೂಗೆ ಇಸ್ಕೂಲು ಮಾತ್ರ ದೂರ ಆಯ್ತಾ?

2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಓದು ಹಕ್ಕು, ಇಸ್ಕೂಲಿಗೆ ಸೇರಿಸೋದು ಹೆತ್ತೋರ ಕರ್ತವ್ಯ. ಬಿಸಿಯೂಟ, ಹಾಲು, ಪುಸ್ತಕ ಅಲ್ಲೇ ಕೊಡ್ತಾರೆ. ಎಲ್ಲಕ್ಕಿಂತ ಮಿಗಿಲಾಗಿ ಅಲ್ಲಿ ಜೊತೆಗಾತಿಯರು ಇರ್ತಾರೆ. ನಮ್ಮ ಹುಡುಗನಿಗೆ ನಾವು ಕೊಡಕ್ಕಾಗದೇ ಹೋಗಿದ್ದು ಅದೊಂದೇ. ಬೀದಿ ಮಕ್ಕಳು ಬ್ಯಾಗ್ ಹಾಕ್ಕೊಂಡು ಹೋಗೋದನ್ನ ಕಿಟಕೀಲಿ ನೋಡ್ತಾ ನಿಂತಿರೋನು. ಅದಕ್ಕೇ ವಾಪಸ್ ಕಳಿಸಿದ್ವಿ.

ಮನೇಲೇ ಕಲಿಸ್ತೀವಿ ಅನ್ನೋರಿಗೆ ದಾರಿ ಇಲ್ಲ ಅಂತ ನಾನು ಹೇಳಲ್ಲ. ಹದಿನಾಲ್ಕು ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ, ಅದೇ ಎನ್‌ಐಓಎಸ್‌ನಲ್ಲಿ, ಹೆಸರು ನೋಂದಾಯಿಸಿ ಹತ್ತನೇ ಕ್ಲಾಸು ಕಟ್ಟಬಹುದು. ವರ್ಷಕ್ಕೆ ಎರಡು ಸಲ ಪರೀಕ್ಷೆ, ಐದು ವಿಷಯ. ಆದ್ರೆ ಅದಕ್ಕೂ ದಿನಾ ಕೂತು ಓದಬೇಕು, ಕೂರಿಸಿ ಓದಿಸೋರು ಬೇಕು. ಯಾವ ಹೊತ್ತು, ಯಾವ ವಿಷಯ, ಯಾರು ಹೇಳ್ಕೊಡ್ತಾರೆ, ಆ ಹೊತ್ತಿಗೆ ಅವರ ಕೆಲಸ ಯಾರು ಮಾಡ್ತಾರೆ? ಒಂದು ಹಾಳೆ ಮೇಲೆ ಬರೆದು ತೋರಿಸಿ, ನಾನು ಬಾಯಿ ಮುಚ್ಕೋತೀನಿ. ಬರೆಯಕ್ಕಾಗಲಿಲ್ವಾ? ಹಂಗಾದ್ರೆ ನೀವು ಮನೇಲಿ ಇಟ್ಕೊಂಡಿರೋದು ಓದೋ ಮಗೂನ ಅಲ್ಲ, ಕೂಲಿ ಇಲ್ಲದ ಆಳನ್ನ.

ಕೊನೇ ಜ್ವರ ಎದ್ದಾಗ ಕೈ ಸಾಲಲ್ಲ ಅನ್ನೋದು ನನಗೂ ಗೊತ್ತು. ನಮ್ಮನೇಲೂ ಅದೇ ಪಾಡು. ಆ ವಾರ ನನ್ನ ಕರೀರಿ, ಬಂದು ಸೊಪ್ಪು ಕೊಯ್ದು ಕೊಡ್ತೀನಿ. ನಮ್ಮೋರನ್ನೂ ಕರ್ಕೊಂಡು ಬತ್ತೀನಿ. ಮಗೂನ ಮಾತ್ರ ಸೋಮವಾರ ಬಸ್ಸು ಹತ್ಸಿ.