ಕೇದಾರಕಂಠಕ್ಕೆ ಯಾವ ಲೆನ್ಸ್?

ಡಿಸೆಂಬರ್ ಬಂತೆಂದರೆ ಉತ್ತರಾಖಂಡದ ಸಾಂಕ್ರಿ ಹಳ್ಳಿಯಲ್ಲಿ ಕನ್ನಡವೂ ಕಿವಿಗೆ ಬೀಳುತ್ತದೆ. ಕೇದಾರಕಂಠ ಚಾರಣಕ್ಕೆ ಬೆಂಗಳೂರಿನಿಂದ ಹೋಗುವವರು ಅಷ್ಟಿದ್ದಾರೆ. ಸುಮಾರು 3,800 ಮೀಟರ್ ಎತ್ತರದ ಆ ತುದಿಯನ್ನು ಬೆಳಕು ಹರಿಯುವ ಹೊತ್ತಿಗೆ ಮುಟ್ಟಿದರೆ ಪೂರ್ವದಲ್ಲಿ ಸ್ವರ್ಗಾರೋಹಿಣಿ, ಬಂದರ್‌ಪೂಂಛ್, ಕಾಲಾನಾಗ್ ಸಾಲಾಗಿ ನಿಂತಿರುತ್ತವೆ. ಇಷ್ಟು ದೊಡ್ಡದನ್ನು ಹಿಡಿಯಲು ದೊಡ್ಡ ನೋಟವೇ ಬೇಕೆಂದುಕೊಂಡು ಹೊಸಬರು ಚೀಲದಿಂದ ತೆಗೆಯುವುದು ವೈಡ್ ಆಂಗಲ್ ಲೆನ್ಸನ್ನು. ಊರಿಗೆ ಮರಳಿ ನೋಡಿದರೆ ಮೇಲೆಲ್ಲ ಆಕಾಶ, ಕೆಳಗೆ ಜನ ತುಳಿದ ಹಿಮ, ನಡುವೆ ಸುಣ್ಣದ ಗೆರೆ ಎಳೆದ ಹಾಗೆ ಹಿಮಾಲಯ.

ಲೆಕ್ಕವೇ ಹಾಗಿದೆ. ಸ್ವರ್ಗಾರೋಹಿಣಿಯ ಎತ್ತರ 6,252 ಮೀಟರ್ ಇದ್ದರೂ ಕೇದಾರಕಂಠದಿಂದ ಅದು ಮೂವತ್ತು ಕಿಲೋಮೀಟರಿಗೂ ಆಚೆ. ಫುಲ್ ಫ್ರೇಮ್ ಕ್ಯಾಮೆರಾಕ್ಕೆ 24 ಮಿ.ಮೀ. ಲೆನ್ಸ್ ಹಾಕಿದರೆ, ನೋಡುವವರ ಕಣ್ಣಿನ ಮಟ್ಟದಿಂದ ಮೇಲಕ್ಕೆದ್ದ ಶಿಖರಕ್ಕೆ ಚೌಕಟ್ಟಿನ ಎತ್ತರದಲ್ಲಿ ಹತ್ತನೇ ಒಂದು ಪಾಲೂ ದಕ್ಕುವುದಿಲ್ಲ. ಅಲ್ಲೇ ನಿಂತು 200 ಮಿ.ಮೀ.ನಲ್ಲಿ ನೋಡಿದರೆ ಅದೇ ಶಿಖರ ಅರ್ಧ ಚೌಕಟ್ಟನ್ನೂ ದಾಟುತ್ತದೆ. ಬಂಡೆಯ ಬಿರುಕು, ಗಾಳಿ ಚೂಪು ಮಾಡಿದ ಹಿಮದ ಅಂಚು, ಓರೆ ಬಿಸಿಲಿಗೆ ನೀಲಿಗಟ್ಟಿದ ನೆರಳು ಕಣ್ಣಿಗೆ ಬೀಳುವುದು ಆಗ.

ಹಾಗಾಗಿ ಒಂದೇ ಲೆನ್ಸ್ ಒಯ್ಯುವುದಾದರೆ ಅದು 70-200 ಜೂಮ್ ಆಗಿರಲಿ. ಎಫ್ 2.8ರ ಭಾರವೂ ಬೇಡ, ಎಫ್ 4 ಸಾಕು. ಹಗಲಿನ ಹಿಮದಲ್ಲಿ ಬೆಳಕಿಗೆ ಬರವಿಲ್ಲ.

ವೈಡ್ ಲೆನ್ಸಿಗೂ ಅದರದೇ ಜಾಗವಿದೆ. ದಾರಿಯಲ್ಲಿ ಸಿಗುವ ಜೂಡಾ ಕಾ ತಾಲಾಬ್ ಹೆಪ್ಪುಗಟ್ಟಿದಾಗ ದಡದಲ್ಲಿ ಕೂತು, ಮಂಜುಗಡ್ಡೆಯ ಸೀಳನ್ನು ಲೆನ್ಸಿನ ಹತ್ತಿರಕ್ಕೇ ತಂದುಕೊಂಡರೆ ಚಿತ್ರಕ್ಕೆ ಆಳ ಬರುತ್ತದೆ. ಮುಂದೆ ಏನೂ ಇಲ್ಲದ ಬಯಲಿನಲ್ಲಿ ಅದೇ ಲೆನ್ಸ್ ಬರೀ ಖಾಲಿಯನ್ನು ತುಂಬಿಕೊಡುತ್ತದೆ.

ಶಿಖರದ ಚಿತ್ರೀಕರಣಕ್ಕೆ ದೂರದ ಲೆನ್ಸನ್ನೇ ನೆಚ್ಚಿಕೊಂಡವರು ಛಾಯಾಗ್ರಾಹಕ ಜಾನ್ ನೋಯೆಲ್. 1924ರ ಎವರೆಸ್ಟ್ ಯಾತ್ರೆಗೆ ಅವರು ಚಲನಚಿತ್ರದ ಕ್ಯಾಮೆರಾದೊಂದಿಗೆ 20 ಇಂಚಿನ, ಅಂದರೆ ಸುಮಾರು 500 ಮಿ.ಮೀ.ನ ಲೆನ್ಸನ್ನು ಹೊರಿಸಿಕೊಂಡು ಹೋಗಿದ್ದರು. ಜೂನ್ 8ರಂದು ತಂಡದ ಆರೋಹಿಗಳಾದ ಮ್ಯಾಲರಿ ಮತ್ತು ಅರ್ವಿನ್ ತುದಿಯ ಕಡೆ ಹೊರಟಾಗ ಮೋಡ ಶಿಖರವನ್ನು ನುಂಗಿತು. ಲೆನ್ಸಿಗೆ ಏನೂ ಸಿಗಲಿಲ್ಲ. ಮಧ್ಯಾಹ್ನ 12:50ಕ್ಕೆ ಮೋಡ ಬಿರಿದ ಚಣದಲ್ಲಿ ಅವರನ್ನು ಕಂಡದ್ದು ಪರ್ವತದ ಮೇಲೆಯೇ ಇದ್ದ ತಂಡದ ಇನ್ನೊಬ್ಬ ಸದಸ್ಯ ನೋಯೆಲ್ ಓಡೆಲ್, ಬರಿಗಣ್ಣಿನಿಂದ. ಹತ್ತಿಹೋದ ಇಬ್ಬರೂ ಮರಳಲಿಲ್ಲ. ಅವರ ಸುಳಿವಿಲ್ಲವೆಂದು ಮೇಲಿನ ಶಿಬಿರದವರು ಹಿಮದ ಮೇಲೆ ಶಿಲುಬೆಯಾಕಾರದಲ್ಲಿ ಕಂಬಳಿ ಹಾಸಿ ತಿಳಿಸಿದ್ದನ್ನು ಕೆಳಗಿನವರು ದೂರದಿಂದಲೇ ಓದಿಕೊಂಡರು.

ಮೋಡವಿಲ್ಲದ ದಿನವೂ ಗಾಳಿ ಕಾಟ ಕೊಡುತ್ತದೆ. ಬಿಸಿಲೇರಿ ಇಳಿಜಾರಿನ ಬಂಡೆಗಳು ಕಾದ ಮೇಲೆ ನಡುವಿನ ಗಾಳಿ ನಡುಗತೊಡಗುತ್ತದೆ, 200 ಮಿ.ಮೀ.ನಲ್ಲಿ ಶಿಖರದ ಅಂಚು ಮಸುಕಾಗುತ್ತದೆ. ಎಷ್ಟೇ ದುಬಾರಿ ಲೆನ್ಸ್ ಆದರೂ ಇದಕ್ಕೆ ಮದ್ದಿಲ್ಲ. ದೂರದ ಚಿತ್ರಗಳನ್ನು ಬೆಳಿಗ್ಗೆಯೇ ಮುಗಿಸಿಬಿಡಬೇಕು.

ಪೋಲರೈಸರ್ ಫಿಲ್ಟರಿನ ಮೋಹವೂ ಇಲ್ಲಿ ಕಡಿಮೆಯಾಗಲಿ. ಆ ಎತ್ತರದಲ್ಲಿ ಆಕಾಶ ತಾನಾಗಿಯೇ ಕಡುನೀಲಿ. ವೈಡ್ ಲೆನ್ಸಿಗೆ ಅದನ್ನು ಹಾಕಿ ತಿರುಗಿಸಿದರೆ ಒಂದು ಮೂಲೆ ಕಪ್ಪು, ಇನ್ನೊಂದು ಪೇಲವ. ಕ್ಯಾಮೆರಾದ ಬೆಳಕಿನ ಮೀಟರನ್ನು ಕಣ್ಣುಮುಚ್ಚಿ ನಂಬಿದರೆ ಹಿಮ ಬೂದಿ ಬಣ್ಣಕ್ಕೆ ತಿರುಗುತ್ತದೆ, ಏಕೆಂದರೆ ಮೀಟರು ಎಲ್ಲವನ್ನೂ ನಡುಬೂದು ಎಂದೇ ಅಳೆಯುತ್ತದೆ. ಒಂದರಿಂದ ಎರಡು ಸ್ಟಾಪ್ ಹೆಚ್ಚು ಬೆಳಕು ಕೊಡಬೇಕು.

ಹಿಮ ಬೀಳುವಾಗ ಲೆನ್ಸ್ ಬದಲಿಸಬಾರದು. ಒಳಸೇರಿದ ಒಂದು ಹಳಕು ಸೆನ್ಸರಿನ ಮೇಲೆ ಕರಗಿ ಕಲೆಯಾಗುತ್ತದೆ. ಬೆಳಗಿನ ನಡಿಗೆಗೆ ಯಾವುದೆಂದು ಡೇರೆಯಲ್ಲೇ ತೀರ್ಮಾನಿಸಿ ಹೊರಡುವುದು ಕ್ಷೇಮ. ಚಳಿಯಿಂದ ಬೆಚ್ಚನೆಯ ಕೋಣೆಗೆ ಬರುವ ಮುನ್ನ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿಡಬೇಕು. ಆಗ ಕೋಣೆಯ ತೇವ ಗಾಜಿನ ಬದಲು ಚೀಲದ ಮೇಲೆ ಕೂರುತ್ತದೆ. ಮೆಮೊರಿ ಕಾರ್ಡನ್ನು ಹೊರಗೇ ತೆಗೆದಿಟ್ಟುಕೊಂಡರೆ, ಚಿತ್ರ ನೋಡುವ ಆತುರಕ್ಕೆ ಚೀಲ ಬಿಚ್ಚುವ ಪ್ರಮೇಯ ಬರುವುದಿಲ್ಲ.