ಗಾಳಿ ಐತಿ, ಫ್ಯಾನ್ ಯಾಕ ನಿಂತೈತಿ?

ರೋಣದಿಂದ ಗಜೇಂದ್ರಗಡಕ್ಕೆ ಹೋಗೋ ಬಸ್ಸಿನಲ್ಲಿ, ಗುಡ್ಡದ ಮೇಲಿನ ಗಾಳಿಯಂತ್ರಗಳು ಕಂಡ ಕೂಡಲೇ ಯಾರಾದರೂ ಕೇಳೇ ಕೇಳ್ತಾರೆ: "ಗಾಳಿ ಇಷ್ಟ್ ಬೀಸಾಕತ್ತೈತಿ, ಆ ಫ್ಯಾನ್ ಯಾಕ ನಿಂತೈತಿ?"

ರಿಪೇರಿ ನಡೆದಿರಬಹುದು, ಗ್ರಿಡ್‌ನಿಂದ ಸೂಚನೆ ಬಂದಿರಬಹುದು. ಇನ್ನೊಂದು ಕಾರಣ ನಾವು ಪಿಯುಸಿ ಫಸ್ಟ್ ಇಯರ್‌ನಲ್ಲಿ ಓದಿ ಮರೆತ ಗಣಿತದಲ್ಲಿದೆ: ಅಸಮತೆಗಳು, ಅಂದ್ರೆ < ಮತ್ತು > ಚಿಹ್ನೆಗಳ ಲೆಕ್ಕ.

ದೊಡ್ಡ ಗಾಳಿಯಂತ್ರ ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 3 ಮೀಟರ್ ಗಾಳಿಗೆ ಕರೆಂಟ್ ಕೊಡೋಕೆ ಶುರು ಮಾಡುತ್ತೆ. ಸುಮಾರು 25 ಮೀಟರ್ ದಾಟಿದರೆ ರೆಕ್ಕೆಗಳನ್ನು ಓರೆ ಮಾಡಿಕೊಂಡು ತಾನೇ ನಿಲ್ಲುತ್ತೆ. ನಿಲ್ಲದಿದ್ದರೆ ಯಂತ್ರಕ್ಕೇ ಅಪಾಯ. ಹಾಗಾಗಿ ಓಡುವ ಷರತ್ತು:

3 ≤ ವೇಗ ≤ 25

ನಮ್ಮ ಮೊಬೈಲ್ ತೋರಿಸೋದು ಗಂಟೆಗೆ ಎಷ್ಟು ಕಿಲೋಮೀಟರ್ ಅಂತ. ಅದನ್ನು 'ಕ' ಅಂದುಕೊಳ್ಳಿ. 3.6ರಿಂದ ಭಾಗಿಸಿದರೆ ಸೆಕೆಂಡಿನ ಮೀಟರ್ ಸಿಗುತ್ತೆ:

3 ≤ ಕ ÷ 3.6 ≤ 25

ಮೂರೂ ಭಾಗಗಳನ್ನು 3.6ರಿಂದ ಗುಣಿಸಿ:

10.8 ≤ ಕ ≤ 90

ಗುಣಿಸಿದ್ದು ಋಣ ಸಂಖ್ಯೆ ಆಗಿದ್ದರೆ ಮಾತ್ರ ಚಿಹ್ನೆಗಳನ್ನು ತಿರುಗಿಸಬೇಕಿತ್ತು. (ಮೊಬೈಲಿನ ಅಂಕಿ ನೆಲದ ಹತ್ತಿರದ ಗಾಳಿಯದ್ದು, ರೆಕ್ಕೆಯ ಎತ್ತರದಲ್ಲಿ ಗಾಳಿ ಸಾಮಾನ್ಯವಾಗಿ ಇನ್ನೂ ಜೋರು.)

ಈಗ ಒಂದು ಸಂಖ್ಯಾರೇಖೆ ಎಳೆಯಿರಿ. 10.8 ಮತ್ತು 90ರ ಮೇಲೆ ತುಂಬಿದ ಚುಕ್ಕಿ ಇಟ್ಟು, ನಡುವಿನ ಗೆರೆಯನ್ನು ದಪ್ಪ ಮಾಡಿ. ಅಲ್ಲಿ ಫ್ಯಾನ್ ಓಡುತ್ತೆ. ಇದು 'ಮತ್ತು' ಷರತ್ತು: ಗಾಳಿ 10.8ಕ್ಕೆ ಕಡಿಮೆ ಇರಬಾರದು, ಮತ್ತು 90 ದಾಟಬಾರದು.

ಫ್ಯಾನ್ ನಿಲ್ಲೋದು ಉಳಿದ ಜಾಗದಲ್ಲಿ:

ಕ < 10.8 ಅಥವಾ ಕ > 90

ಅದೇ ಎರಡು ಕಡೆ ಖಾಲಿ ಚುಕ್ಕಿ; ಒಂದು ಬಾಣ ಎಡಕ್ಕೆ, ಇನ್ನೊಂದು ಬಲಕ್ಕೆ. 'ಓಡು' ಅನ್ನೋದನ್ನು 'ನಿಲ್ಲು' ಅಂತ ತಿರುಗಿಸಿದಾಗ ಚಿಹ್ನೆಗಳ ಜೊತೆ 'ಮತ್ತು' ಕೂಡ 'ಅಥವಾ' ಆಯ್ತು ನೋಡಿ.

ಕೋಡ್ ಬರೆಯೋರು ಜಾರೋದು ಇಲ್ಲೇ. ನಿಲ್ಲಿಸೋ ಷರತ್ತಿನಲ್ಲಿ "10.8ಕ್ಕಿಂತ ಕಡಿಮೆ ಮತ್ತು 90ಕ್ಕಿಂತ ಹೆಚ್ಚು" ಅಂತ ಬರೆದರೆ ಕಂಪೈಲರ್ ತಕರಾರು ಮಾಡೋದಿಲ್ಲ. ಆದರೆ ಅಂಥ ಸಂಖ್ಯೆಯೇ ಇಲ್ಲ! ಬಿರುಗಾಳಿ ಬಂದರೂ ನಿಲ್ಲು ಅನ್ನೋ ಆದೇಶ ಹೊರಡೋದಿಲ್ಲ.

ಜ್ವರದ ಅಲಾರ್ಮ್ ಇರಲಿ, ಬ್ಯಾಟರಿಯ ಚಾರ್ಜ್ ಇರಲಿ, ಮೇಲೊಂದು ಕೆಳಗೊಂದು ಮಿತಿ ಇರೋ ಕಡೆಯಲ್ಲೆಲ್ಲ ಇದೇ ಕಥೆ. ಅನುಮಾನ ಬಂದರೆ ಕಾಗದದ ಮೇಲೆ ಗೆರೆ ಎಳೆದು ಎರಡು ಬಾಣ ಹಾಕಿ. ಅವು ಎಲ್ಲೂ ಒಂದರ ಮೇಲೊಂದು ಬರದಿದ್ದರೆ, ಅಲ್ಲಿ 'ಮತ್ತು' ಹಾಕೋ ಹಾಗಿಲ್ಲ.